ವಿಂಡೋಸ್ ಅಳಿಸದೆ ಲಿನಕ್ಸ್: ಹಳೇ ಲ್ಯಾಪ್‌ಟಾಪನ್ನೂ ಅದರೊಳಗಿನ ದಾಖಲೆಗಳನ್ನೂ ಉಳಿಸಿಕೊಳ್ಳೋದು ಹೇಗೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡ್ತಾ ಇದ್ದ ಬೆಂಬಲವನ್ನು ನಿಲ್ಲಿಸಿತು. ಅವತ್ತು ಯಾರ ಕಂಪ್ಯೂಟರೂ ಆಫ್ ಆಗಲಿಲ್ಲ, ಯಾರ ಫೈಲೂ ಹೋಗಲಿಲ್ಲ. ಆದರೆ ಭದ್ರತಾ ಅಪ್‌ಡೇಟ್‌ಗಳು ನಿಂತವು. ಹೊಸದಾಗಿ ಕಂಡುಬರುವ ಲೋಪಗಳಿಗೆ ಇನ್ನು ಮುಂದೆ ತೇಪೆ ಇಲ್ಲ. ಒಂದು ವರ್ಷದ ಹೆಚ್ಚುವರಿ ರಕ್ಷಣೆ ಬೇಕು ಅಂದವರು 2025ರಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಕಂಪ್ಯೂಟರನ್ನು ಕಟ್ಟಿಹಾಕಬೇಕಿತ್ತು, ಇಲ್ಲವೇ 30 ಡಾಲರ್ ಕೊಡಬೇಕಿತ್ತು.

ವಿಂಡೋಸ್ 11ಕ್ಕೆ ಹೋಗಬಹುದಲ್ವಾ? ಎಲ್ಲರಿಗೂ ಆಗಲ್ಲ. ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಈ ಕಾರಣಕ್ಕೆ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ಬುಟ್ಟಿ ಸೇರಬಹುದು ಎಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಓಡ್ತಾ ಇರೋ ಯಂತ್ರ, ಕೆಟ್ಟಿಲ್ಲ, ಆದರೂ ‘ಹಳೆಯದು’ ಅನ್ನಿಸಿಕೊಂಡಿದೆ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಬಿಟ್ಟುಕೊಟ್ಟು ಕೂತಿರೋ ತೀರ್ಥಹಳ್ಳಿ, ಹೊಸನಗರದ ಮನೆಗೆ ಹೋಗಿ ‘ಹೊಸ ಲ್ಯಾಪ್‌ಟಾಪ್ ತಗೊಳ್ಳಿ’ ಅನ್ನೋದು ಸುಲಭವಲ್ಲ.

ಇನ್ನೊಂದು ದಾರಿ ಇದೆ. ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೇ ಲಿನಕ್ಸ್ ಹಾಕಿಕೊಳ್ಳೋದು. ಇದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಆನ್ ಮಾಡಿದಾಗ ‘ಯಾವುದು ಬೇಕು?’ ಅಂತ ಕೇಳುತ್ತೆ. ಬೇಕಾದ್ದನ್ನು ಆರಿಸಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ. ಹೆಚ್ಚಿನವರನ್ನು ತಡೆಯೋದು ಒಂದೇ ಭಯ: ‘ಇರೋದೆಲ್ಲ ಅಳಿಸಿಹೋದ್ರೆ?’

ಈ ಭಯಕ್ಕೆ ಅರ್ಥ ಇದೆ

ಬೆಂಗಳೂರಿನ ಟೆಕ್ಕಿಗೆ ಡೇಟಾ ಅಂದ್ರೆ ಫೋಟೋ, ಸಿನಿಮಾ ಇರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಮನೆಗೊಂದೇ ಇರೋ ಲ್ಯಾಪ್‌ಟಾಪಿನಲ್ಲಿ ಬೇರೆಯದೇ ಸಂಗತಿ ಕೂತಿರುತ್ತೆ: ಪಹಣಿಯ ಸ್ಕ್ಯಾನ್, ಬಗರ್‌ಹುಕುಂ ಅರ್ಜಿಯ ಸ್ವೀಕೃತಿ, ಅಜ್ಜನ ಕಾಲದ ಕಂದಾಯ ರಸೀದಿಯ ಫೋಟೋ, ಅರಣ್ಯ ಹಕ್ಕು ಸಮಿತಿಗೆ ಕೊಟ್ಟ ಕಾಗದಗಳು, ಸೊಸೈಟಿ ಲೆಕ್ಕ.

ಇವು ಸುಮ್ಮನೆ ಫೈಲುಗಳಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷದಿಂದ ಅಲ್ಲಿದ್ದೇವೆ ಅಂತ ಸಾಬೀತು ಮಾಡಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ನೆಲೆ ಕಳೆದುಕೊಂಡ ಶರಾವತಿ ಸಂತ್ರಸ್ತರ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಓಡಾಡ್ತಾ ಇವೆ. ಇಂಥವರಿಗೆ ಒಂದು ಹಳೇ ಕಾಗದದ ಚಿತ್ರ ಹೋದರೆ ಮತ್ತೆ ಸಿಗೋ ಖಾತ್ರಿ ಇಲ್ಲ. ಮೂಲ ಕಾಗದವನ್ನು ಮಲೆನಾಡಿನ ಥಂಡಿ, ಗೆದ್ದಲು ಆಗಲೇ ತಿಂದಿರಬಹುದು.

ಹಾಗಾಗಿ ಮೊದಲ ಮಾತು: ಡೇಟಾ ಹೋಗೋದು ಲಿನಕ್ಸ್‌ನಿಂದ ಅಲ್ಲ. ಒಂದೇ ಪ್ರತಿ ಇಟ್ಟುಕೊಂಡಿರೋದರಿಂದ. ನಾಳೆ ಹಾರ್ಡ್‌ಡಿಸ್ಕ್ ಕೆಟ್ಟರೂ, ಸಿಡಿಲಿಗೆ ಚಾರ್ಜರ್ ಸುಟ್ಟರೂ ಅದೇ ನಷ್ಟ. ಎರಡನೇ ಓಎಸ್ ಹಾಕಲಿ ಬಿಡಲಿ, ಪ್ರತಿ ಮಾಡಿಡೋದು ಇವತ್ತೇ ಮಾಡಬೇಕಾದ ಕೆಲಸ.

ಡಿಸ್ಕಿನ ಪೋಡಿ

ಒಳಗೆ ಏನು ನಡೆಯುತ್ತೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತೆ. ಹಾರ್ಡ್‌ಡಿಸ್ಕನ್ನು ಒಂದು ಸರ್ವೆ ನಂಬರಿನ ಜಮೀನು ಅಂದುಕೊಳ್ಳಿ. ಅದನ್ನು ಹಿಸ್ಸೆ ಮಾಡಿರ್ತಾರೆ. ಒಂದೊಂದು ಹಿಸ್ಸೆಯೂ ಒಂದು ಪಾರ್ಟಿಷನ್. ಯಾವ ಹಿಸ್ಸೆ ಎಲ್ಲಿಂದ ಎಲ್ಲಿವರೆಗೆ ಅನ್ನೋ ನಕ್ಷೆ ಡಿಸ್ಕಿನ ಶುರುವಿನಲ್ಲೇ ಇರುತ್ತೆ. ಅದೇ ಪಾರ್ಟಿಷನ್ ಟೇಬಲ್.

ಡ್ಯುಯಲ್ ಬೂಟ್ ಅಂದ್ರೆ ವಿಂಡೋಸ್ ಕೂತಿರೋ ದೊಡ್ಡ ಹಿಸ್ಸೆಯಲ್ಲಿ ಖಾಲಿ ಇರೋ ಜಾಗವನ್ನು ಬೇರ್ಪಡಿಸಿ, ಅಲ್ಲಿ ಲಿನಕ್ಸ್‌ಗೆ ಹೊಸ ಹಿಸ್ಸೆ ಕೊಡೋದು. ವಿಂಡೋಸಿನ ಫೈಲುಗಳನ್ನು ಯಾರೂ ಮುಟ್ಟಲ್ಲ. ಅಪಾಯ ಇರೋದು ಮೂರೇ ಕಡೆ: ಬೇಲಿ ಸರಿಸುವಾಗ ಮಧ್ಯೆ ಕರೆಂಟ್ ಹೋದರೆ, ತಪ್ಪು ಹಿಸ್ಸೆಯನ್ನು ಫಾರ್ಮ್ಯಾಟ್ ಮಾಡಿದರೆ, ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ. ಮೂರನ್ನೂ ತಪ್ಪಿಸಬಹುದು.

ಶುರು ಮಾಡೋ ಮುಂಚೆ

*ಪ್ರತಿ ಮಾಡಿ, ತೆರೆದು ನೋಡಿ.* ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ. ಟ್ಯಾಲಿ ಬಳಸೋರು ಅದರ ಡೇಟಾ ಫೋಲ್ಡರ್ ಮರೀಬೇಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ವಿಂಡೋಸಿನ ಒನ್‌ಡ್ರೈವ್ ಫೋಲ್ಡರಿನಲ್ಲಿ ಮೋಡದ ಚಿಹ್ನೆ ಇರೋ ಫೈಲುಗಳು ನಿಮ್ಮ ಡಿಸ್ಕಿನಲ್ಲಿಲ್ಲ, ಇಂಟರ್‌ನೆಟ್ಟಿನಲ್ಲಿ ಮಾತ್ರ ಇವೆ. ಅವನ್ನು ಮೊದಲು ಇಳಿಸಿಕೊಳ್ಳಿ. ಕೊನೆಗೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಮುಖ್ಯ ದಾಖಲೆಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ, ನೆಂಟರ ಮನೆ ಆದರೂ ಸರಿ.

*ಬಿಟ್‌ಲಾಕರ್ ಇದೆಯಾ ನೋಡಿ.* ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗೇ ಬೀಗ ಹಾಕಿಕೊಂಡಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಅಥವಾ ‘ಬಿಟ್‌ಲಾಕರ್’ ಅಂತ ಹುಡುಕಿ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಇರುತ್ತೆ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಶುರು ಮಾಡಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಕೀ ಅವರ ಹತ್ತಿರ! ಬಯಾಸ್ ಸೆಟ್ಟಿಂಗ್ ಏನಾದರೂ ಬದಲಾದರೆ ವಿಂಡೋಸ್ ಈ ಕೀ ಕೇಳುತ್ತೆ. ಇಲ್ಲದಿದ್ದರೆ ಎಲ್ಲ ಫೈಲೂ ಇದ್ದಲ್ಲೇ ಇದ್ದು ನಿಮಗೆ ಸಿಗಲ್ಲ. ಕೀಯನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ, ಪೂರ್ತಿ ಮುಗಿಯೋವರೆಗೆ ಕಾಯಿರಿ.

*ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.* ಇದು ಆನ್ ಇದ್ದರೆ ‘ಶಟ್ ಡೌನ್’ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ, ಅರೆನಿದ್ದೆಗೆ ಹೋಗುತ್ತೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ವಿಂಡೋಸ್ ಹಿಸ್ಸೆಗೆ ಏನಾದರೂ ಬರೆದರೆ ಫೈಲು ಹಾಳಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಈ ಟಿಕ್ ತೆಗೆಯಿರಿ.

*ಕರೆಂಟ್.* ಮಳೆಗಾಲದಲ್ಲಿ ಆಗುಂಬೆ ಸೀಮೆಯ ಕರೆಂಟಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಚಾರ್ಜರೂ ಹಾಕಿರಲಿ. ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಜಾಗ ಮಾಡೋದು ವಿಂಡೋಸಿನಿಂದಲೇ

ವಿಂಡೋಸ್ ಹಿಸ್ಸೆಯನ್ನು ಕುಗ್ಗಿಸೋ ಕೆಲಸ ವಿಂಡೋಸ್ ಕೈಯಲ್ಲೇ ಮಾಡಿಸಿ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಸಿ ಡ್ರೈವ್ ಮೇಲೆ ಬಲ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. ಅಲ್ಲಿ ಎಂಬಿ ಲೆಕ್ಕದಲ್ಲಿ ಕೇಳುತ್ತೆ. 50 ಜಿಬಿ ಬೇಕಾದರೆ 51200 ಹಾಕಿ. ಲಿನಕ್ಸ್ ಮಿಂಟ್‌ಗೆ 20 ಜಿಬಿ ಕನಿಷ್ಠ. ದಿನಬಳಕೆಗೆ 50 ಇದ್ದರೆ ಉಸಿರಾಡಬಹುದು, 100 ಇದ್ದರೆ ಆರಾಮ. ವಿಂಡೋಸಿಗೂ ಒಂದಷ್ಟು ಖಾಲಿ ಜಾಗ ಬಿಡಿ.

ಈಗ ನಕ್ಷೆಯಲ್ಲಿ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಜಾಗ ಕಾಣುತ್ತೆ. ಅದನ್ನು ಹಾಗೇ ಬಿಡಿ, ಹೊಸ ಡ್ರೈವ್ ಮಾಡಬೇಡಿ. ಒಮ್ಮೆ ರೀಸ್ಟಾರ್ಟ್ ಮಾಡಿ ವಿಂಡೋಸ್ ಸರಿಯಾಗಿ ಬರ್ತಿದೆಯಾ ನೋಡಿ. ಬಂದರೆ ಎಲ್ಲಕ್ಕಿಂತ ನಾಜೂಕಾದ ಹೆಜ್ಜೆ ಮುಗೀತು. ಕೇಳಿದಷ್ಟು ಜಾಗ ಬಿಟ್ಟುಕೊಡದಿದ್ದರೆ ಬಲವಂತ ಬೇಡ. ಸರಿಸಲಾಗದ ಕೆಲವು ಸಿಸ್ಟಂ ಫೈಲುಗಳು ಮಧ್ಯೆ ಕೂತಿರುತ್ತವೆ, ಸಿಕ್ಕಷ್ಟರಲ್ಲಿ ಮುಂದುವರಿಯಿರಿ.

ನೆಟ್‌ವರ್ಕ್ ಇಲ್ಲದ ಊರಲ್ಲಿ 3 ಜಿಬಿ

ಲಿನಕ್ಸ್ ಮಿಂಟ್ ಇಳಿಸಿಕೊಳ್ಳೋಕೆ ಸುಮಾರು 3 ಜಿಬಿ ಬೇಕು. ಉಬುಂಟು ಇನ್ನೂ ದೊಡ್ಡದು. ‘ನೆಟ್‌ವರ್ಕ್ ಇಲ್ಲ ಅಂದ್ರೆ ವೋಟೂ ಇಲ್ಲ’ ಅಂತ ಹೋರಾಟ ಮಾಡಿದ ಸೀಮೆ ಇದು. ಶರಾವತಿ ಹಿನ್ನೀರಿನ ಆಚೆಯ ಊರಲ್ಲಿ ಕೂತು ಇದನ್ನು ಇಳಿಸೋದು ಆಗದ ಮಾತು.

ಆದರೆ ಇಲ್ಲೊಂದು ಅನುಕೂಲ ಇದೆ. ಲಿನಕ್ಸನ್ನು ನಕಲು ಮಾಡಿ ಹಂಚೋದು ಕಳ್ಳತನವಲ್ಲ, ಅದರ ಲೈಸೆನ್ಸೇ ಹಂಚೋಕೆ ಅನುಮತಿ ಕೊಡುತ್ತೆ. ಸಾಗರ ಪೇಟೆಯಲ್ಲೋ ಶಿವಮೊಗ್ಗದ ಹಾಸ್ಟೆಲಿನಲ್ಲೋ ಒಬ್ಬರು ಒಮ್ಮೆ ಇಳಿಸಿದರೆ ಸಾಕು, ಒಂದು ಪೆನ್‌ಡ್ರೈವ್ ಇಡೀ ಊರಿಗೆ ಆಗುತ್ತೆ. ಕೈಯಿಂದ ಕೈಗೆ ಬಂದ ಫೈಲನ್ನು ಮಾತ್ರ ಸುಮ್ಮನೆ ನಂಬಬೇಡಿ. ಅಧಿಕೃತ ಜಾಲತಾಣದಲ್ಲಿ ಕೊಟ್ಟಿರೋ ‘ಚೆಕ್‌ಸಮ್’ ಅನ್ನೋ ಉದ್ದನೆಯ ಗುರುತಿನ ಸಂಖ್ಯೆಯೊಂದಿಗೆ ಅದನ್ನು ಹೋಲಿಸಿ ನೋಡಿ. ಒಂದು ಅಕ್ಷರ ಬೇರೆ ಇದ್ದರೂ ಆ ಫೈಲು ಬೇಡ.

ಆ ಫೈಲನ್ನು ಪೆನ್‌ಡ್ರೈವಿಗೆ ಬರೆಯೋಕೆ ರೂಫಸ್ ಅಥವಾ ಬಲೇನಾ ಎಚರ್ ಬಳಸಿ. ಹುಷಾರು: ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ. ಬ್ಯಾಕಪ್ ಇಟ್ಟಿರೋ ಪೆನ್‌ಡ್ರೈವನ್ನೇ ಇದಕ್ಕೂ ಬಳಸಿದರೆ ಮಾಡಿದ ಕೆಲಸವೆಲ್ಲ ನೀರಿಗೆ. 8 ಜಿಬಿಯ ಬೇರೊಂದು ಪೆನ್‌ಡ್ರೈವ್ ಇರಲಿ. ಬರೆಯುವಾಗ ಬ್ಯಾಕಪ್ ಡಿಸ್ಕ್ ಬಿಚ್ಚಿಡಿ.

ಹಾಕೋ ಮುಂಚೆ ಓಡಿಸಿ ನೋಡಿ

ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಲಿನಕ್ಸ್ ನೇರ ಓಡುತ್ತೆ, ಡಿಸ್ಕಿಗೆ ಏನೂ ಬರೆಯಲ್ಲ. ಇಲ್ಲೇ ವೈಫೈ, ಸೌಂಡ್, ಕೀಬೋರ್ಡ್, ಪ್ರಿಂಟರ್ ಪರೀಕ್ಷಿಸಿ. ವೈಫೈ ಬರದಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ನೆಟ್ ಕೊಡಬಹುದು. ಹಿಡಿಸದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ, ಎಲ್ಲ ಮೊದಲಿನಂತೆ. 4 ಜಿಬಿ ರ‍್ಯಾಮಿನ ಹಳೇ ಯಂತ್ರಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಕೆಲವು ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ಗೆ ಡಿಸ್ಕೇ ಕಾಣಲ್ಲ. ಬಯಾಸ್‌ನಲ್ಲಿ ಡಿಸ್ಕ್ ‘ಆರ್‌ಎಸ್‌ಟಿ’ ಅಥವಾ ‘ರೇಡ್’ ಮೋಡ್‌ನಲ್ಲಿರೋದು ಇದಕ್ಕೆ ಸಾಮಾನ್ಯ ಕಾರಣ. ‘ಎಎಚ್‌ಸಿಐ’ಗೆ ಬದಲಿಸಬೇಕು ನಿಜ, ಆದರೆ ತಯಾರಿ ಇಲ್ಲದೆ ಬದಲಿಸಿದರೆ ವಿಂಡೋಸ್ ಏಳಲ್ಲ. ಇಲ್ಲಿ ಮಾತ್ರ ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ಒಂದು ಸಾಲು, ಒಂದು ಕ್ಲಿಕ್

ಇನ್‌ಸ್ಟಾಲ್ ಶುರು ಮಾಡಿದಾಗ ನಿರ್ಣಾಯಕ ಪುಟ ಒಂದೇ. ಅಲ್ಲಿ ಮುಖ್ಯವಾಗಿ ಮೂರು ಆಯ್ಕೆ ಬರುತ್ತೆ.

‘ವಿಂಡೋಸ್ ಜೊತೆಗೆ ಇನ್‌ಸ್ಟಾಲ್ ಮಾಡಿ’ ಅನ್ನೋದು ನಮಗೆ ಬೇಕಾದ್ದು.

‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡಿ’ ಅನ್ನೋದು ಎಲ್ಲವನ್ನೂ ಒರೆಸಿ ಹಾಕುತ್ತೆ. ಡ್ಯುಯಲ್ ಬೂಟ್ ಮಾಡೋಕೆ ಹೋಗಿ ಎಲ್ಲ ಹೋಯ್ತು ಅನ್ನೋ ಕತೆಗಳಲ್ಲಿ ಹೆಚ್ಚಿನವು ಈ ಸಾಲಿನಿಂದಲೇ ಶುರುವಾಗೋದು.

‘ಬೇರೇನಾದರೂ’ ಅಥವಾ ‘ಮ್ಯಾನ್ಯುಯಲ್’ ಅನ್ನೋದು ನೀವೇ ಹಿಸ್ಸೆ ಆರಿಸೋ ದಾರಿ. ಮೊದಲ ಆಯ್ಕೆ ಕಾಣಿಸದಿದ್ದರೆ ಇದಕ್ಕೆ ಬನ್ನಿ. ನೀವು ಬಿಡಿಸಿಟ್ಟ ಖಾಲಿ ಜಾಗವನ್ನು ಅದರ ಅಳತೆಯಿಂದ ಗುರುತಿಸಿ, ಅಲ್ಲಿ ಮಾತ್ರ ‘ಎಕ್ಸ್ಟ್4’ ಹಿಸ್ಸೆ ಮಾಡಿ. ‘ಎನ್‌ಟಿಎಫ್‌ಎಸ್’ ಅಂತ ಇರೋದು ವಿಂಡೋಸಿನದು, ಮುಟ್ಟಬೇಡಿ. ‘ಇಎಫ್‌ಐ’ ಅನ್ನೋ ಚಿಕ್ಕ ಹಿಸ್ಸೆಯನ್ನು ಎರಡೂ ಓಎಸ್‌ಗಳು ಹಂಚಿಕೊಳ್ಳುತ್ತವೆ. ಅದನ್ನು ಬಳಸಲು ಬಿಡಿ, ಫಾರ್ಮ್ಯಾಟ್ ಮಾಡೋಕೆ ಬಿಡಬೇಡಿ.

ಕೊನೆಯಲ್ಲಿ ಏನೇನು ಬದಲಾಗುತ್ತೆ ಅಂತ ಪಟ್ಟಿ ತೋರಿಸುತ್ತೆ. ಅಲ್ಲಿವರೆಗೂ ಡಿಸ್ಕಿನಲ್ಲಿ ಏನೂ ಬದಲಾಗಿರಲ್ಲ. ಪಟ್ಟಿಯಲ್ಲಿ ಎನ್‌ಟಿಎಫ್‌ಎಸ್ ಹಿಸ್ಸೆ ಫಾರ್ಮ್ಯಾಟ್ ಆಗುತ್ತೆ ಅಂತ ಬಂದರೆ ಹಿಂದಕ್ಕೆ ಹೋಗಿ.

ಫೈಲು ಉಳಿದು, ಅಕ್ಷರ ಹೋದರೆ?

ಕನ್ನಡಿಗರಿಗೆ ಎದುರಾಗೋ ಇನ್ನೊಂದು ನಷ್ಟ ಇದೆ. ಅದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳಲ್ಲ. ಲಿನಕ್ಸ್‌ನಿಂದ ವಿಂಡೋಸ್ ಹಿಸ್ಸೆಯ ಫೈಲುಗಳನ್ನು ತೆರೆಯಬಹುದು. ಆದರೆ ಹತ್ತು ವರ್ಷದ ಹಿಂದೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಸಿದ ಅರ್ಜಿಯನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ಫೈಲು ಹಾಳಾಗಿಲ್ಲ, ಗಾಬರಿ ಬೇಡ.

ಆ ಕಾಲದ ಆಸ್ಕಿ ಫಾಂಟುಗಳು ಕನ್ನಡವನ್ನು ಕನ್ನಡವಾಗಿ ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತಿದ್ದವು. ಫಾಂಟ್ ತೆಗೆದರೆ ಹೊದಿಕೆ ಹೋಯ್ತು. ವಿಂಡೋಸಿನಿಂದ ಆ ಹಳೇ ಫಾಂಟ್ ಫೈಲನ್ನು ತಂದು ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಮತ್ತೆ ಓದಬಹುದು. ಶಾಶ್ವತ ಪರಿಹಾರ ಅಂದ್ರೆ ಯೂನಿಕೋಡಿಗೆ ಪರಿವರ್ತಿಸೋದು. ಕನ್ನಡದ ಸ್ವಯಂಸೇವಕರು ಮಾಡಿದ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ.

ಟೈಪಿಂಗ್ ಬಗ್ಗೆ ಚಿಂತೆ ಬೇಡ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ‘ಕಗಪ’ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ನುಡಿಗೆ ಒಗ್ಗಿದ ಬೆರಳಿಗೆ ಇದು ಹೊಸದಲ್ಲ.

ಹಾಕಿದ ಮೇಲೆ

ಆನ್ ಮಾಡಿದಾಗ ಗ್ರಬ್ ಅನ್ನೋ ಪಟ್ಟಿ ಬರುತ್ತೆ. ಮೊದಲು ವಿಂಡೋಸ್ ಆರಿಸಿ ಫೈಲುಗಳೆಲ್ಲ ಇವೆಯಾ ನೋಡಿ. ಗಡಿಯಾರ ಐದೂವರೆ ಗಂಟೆ ವ್ಯತ್ಯಾಸ ತೋರಿಸಿದರೆ ಹೆದರಬೇಡಿ. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ಸಮಯ ಅಂದುಕೊಳ್ಳುತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂದುಕೊಳ್ಳುತ್ತೆ. ಒಂದು ಸೆಟ್ಟಿಂಗ್‌ನಲ್ಲಿ ಸರಿಯಾಗುತ್ತೆ.

ಯಾವತ್ತೋ ಒಂದಿನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಬರದೇ ಹೋಗಬಹುದು. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಒಂದು ಭದ್ರತಾ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಹಲವರ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ, ಕಂಪನಿಯೂ ಅದನ್ನು ಒಪ್ಪಿಕೊಂಡಿತು. ಆಗಲೂ ಹೋಗಿದ್ದು ಬಾಗಿಲಿನ ದಾರಿ, ಒಳಗಿನ ಡೇಟಾ ಅಲ್ಲ. ಲಿನಕ್ಸ್ ಪೆನ್‌ಡ್ರೈವನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದರಿಂದಲೇ ಬೂಟ್ ಮಾಡಿ ರಿಪೇರಿ ಮಾಡಬಹುದು.

ಇನ್ನು ಬಳಕೆಯ ಕ್ರಮ. ಬ್ಯಾಂಕು, ಇಮೇಲ್, ಬ್ರೌಸಿಂಗ್ ಎಲ್ಲವೂ ಅಪ್‌ಡೇಟ್ ಸಿಗೋ ಲಿನಕ್ಸ್‌ನಲ್ಲಿ. ನುಡಿ, ಟ್ಯಾಲಿ, ವಿಂಡೋಸನ್ನೇ ಕೇಳೋ ಸರ್ಕಾರಿ ಕೆಲಸ ಇದ್ದಾಗ ಮಾತ್ರ ವಿಂಡೋಸ್, ಅದೂ ಸಾಧ್ಯವಾದಷ್ಟು ನೆಟ್ ಇಲ್ಲದೆ. ಬೆಂಬಲ ನಿಂತ ವಿಂಡೋಸನ್ನು ಮನೆಯಲ್ಲಿಟ್ಟುಕೊಳ್ಳೋಕೆ ಇದು ಸುರಕ್ಷಿತ ರೀತಿ.

ಎರಡು ಓಎಸ್ ಯಾಕೆ ಬೇಕಾಯ್ತು?

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಲಿನಕ್ಸ್ ಸಾಕಾಗುತ್ತೆ ಅಂದ್ರೆ ವಿಂಡೋಸ್ ಯಾಕೆ ಉಳಿಸಿಕೊಳ್ಳಬೇಕು? ಉತ್ತರ ತಂತ್ರಜ್ಞಾನದಲ್ಲಿಲ್ಲ. ನಮ್ಮ ಕಚೇರಿಗಳು, ಟೈಪಿಂಗ್ ತರಬೇತಿ, ಕೆಲವು ಪರೀಕ್ಷೆಗಳು ಒಂದೇ ಕಂಪನಿಯ ಓಎಸ್ ಎಲ್ಲರ ಮನೆಯಲ್ಲೂ ಇದೆ ಅಂತ ಊಹಿಸಿಕೊಂಡು ನಡೀತಿವೆ. ಆ ಕಂಪನಿ ಒಂದು ದಿನಾಂಕ ಹೇಳಿದ ತಕ್ಷಣ ಹೊಸನಗರದ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಹಳತಾಗುತ್ತೆ.

ಹೀಗೇ ಇರಬೇಕು ಅಂತೇನಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಕೇರಳ ಸರ್ಕಾರ 2000ದ ದಶಕದಲ್ಲೇ ಶಾಲೆಗಳ ಐಟಿ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶಕ್ಕೆ ತಂದಿತು. ಈಗ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಓಎಸ್ ಸಿದ್ಧಪಡಿಸಿ ಕೊಡುತ್ತೆ, ಕನ್ನಡದಲ್ಲೂ ಐಟಿ ಪಠ್ಯಪುಸ್ತಕ ಇದೆ. ಗಡಿಯಾಚೆಯ ಕನ್ನಡದ ಹುಡುಗಿ ಶಾಲೆಯಲ್ಲೇ ಲಿನಕ್ಸ್ ಕಲಿಯುತ್ತಾಳೆ. ಈಚೆಯವಳು ಅದನ್ನು ಯೂಟ್ಯೂಬ್ ನೋಡಿ ಕಲಿಯಬೇಕು.

ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಚಾರಕ್ಕೆ ಸರ್ಕಾರದ ಜೊತೆ ಗುದ್ದಾಡಿದ್ದರು. ನಮ್ಮ ಭಾಷೆ ಬರೆಯೋ ಸಾಧನದ ಮೇಲೆ ಹಿಡಿತ ಯಾರದು ಅನ್ನೋದು ಆಗಲೂ ರಾಜಕೀಯ ಪ್ರಶ್ನೆಯೇ. ಸಾಗರ ತಾಲೂಕಿನ ಕಾಗೋಡು 1951ರಲ್ಲಿ ಭೂಮಿಯ ಒಡೆತನದ ಪ್ರಶ್ನೆ ಎತ್ತಿತ್ತು. ದುಡ್ಡು ಕೊಟ್ಟು ತಂದ ಯಂತ್ರದ ಒಡೆತನ ಯಾರದು ಅಂತ ಕೇಳೋದಕ್ಕೆ ಈ ನೆಲದ ಯುವಕರಿಗೆ ಬೇರೆಯವರ ಪಾಠ ಬೇಕಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಸರ್ಕಾರಿ ಜಾಲತಾಣ, ಅರ್ಜಿ, ಪರೀಕ್ಷೆಗಳು ಯಾವ ಓಎಸ್‌ನಲ್ಲಾದರೂ ನಡೆಯಬೇಕು. ಕಚೇರಿಗಳು ಕೊಡೋ ಕನ್ನಡ ಕಡತಗಳೆಲ್ಲ ಯೂನಿಕೋಡಿನಲ್ಲಿರಬೇಕು. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಒಂದು ಲಿನಕ್ಸ್ ಪೆನ್‌ಡ್ರೈವ್, ಒಂದು ಸ್ಕ್ಯಾನರ್, ಊರವರ ದಾಖಲೆಗಳ ಪ್ರತಿ ಮಾಡಿಕೊಡೋ ವ್ಯವಸ್ಥೆ ಇರಬೇಕು. ಇದನ್ನು ಮುಂದಿನ ಗ್ರಾಮಸಭೆಯಲ್ಲೇ ಎತ್ತಬಹುದು.

ಅಲ್ಲಿವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ: ಮನೆಯ ಲ್ಯಾಪ್‌ಟಾಪಿನಲ್ಲಿರೋ ಪಹಣಿ, ರಸೀದಿ, ಅರ್ಜಿಗಳ ಎರಡನೇ ಪ್ರತಿ. ಲಿನಕ್ಸ್ ಬರೋ ಭಾನುವಾರ ಹಾಕಿದರಾಯ್ತು, ಪ್ರತಿ ಇವತ್ತೇ ಆಗಲಿ.